ಹಿಂದಿನ ಸೀಟಿನ ಬ್ಯಾರಿಸ್ಟರ್

ದೋಹಾದ ನಮ್ಮ ಕರಾವಳಿ ಸಂಘದವರು ನನ್ನಿಂದ ಕೇಳಿದ್ದು ಎರಡು ಒಳ್ಳೆಯ ಮಾತು. ಸರ್ ಇಂಗ್ಲೆಂಡಿನಲ್ಲಿ ರಾಜಕೀಯದಿಂದ ನಿವೃತ್ತರಾಗುತ್ತಿದ್ದಾರೆ, ಒಂದು ಕಾಲಕ್ಕೆ ಇಲ್ಲಿಯೇ ಇದ್ದವರು, ನಮ್ಮ ವಾರ್ಷಿಕೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು, ನಿನಗೆ ಡಿಬೇಟ್ ಕಲಿಸಿದವರು, ಹಾಗಾಗಿ ಸ್ಮರಣ ಸಂಚಿಕೆಗೆ ಒಂದು ಪುಟ ಬರೆ ಅಂದರು. ಒಪ್ಪಿಕೊಂಡೆ. ಕೂತು ನೋಡಿದರೆ ಒಳ್ಳೆಯ ಮಾತು ಒಂದೂ ಸಿಗಲಿಲ್ಲ. ಬರಹ ಮಾತ್ರ ಒಂದು ಪುಟಕ್ಕೆ ನಿಲ್ಲಲಿಲ್ಲ. ಸಂಚಿಕೆಯವರು ಇದನ್ನು ಹಾಕುವುದಿಲ್ಲ, ಗೊತ್ತು.

ಹೆಸರು ಬರೆಯುತ್ತಿಲ್ಲ. ಹೆದರಿಕೆಯಿಂದ ಅಲ್ಲ. ತಮ್ಮ ಹೆಸರು ಎಲ್ಲಿ ಅಚ್ಚಾದರೂ, ಬೈಗುಳದ ನಡುವೆ ಅಚ್ಚಾದರೂ, ಸರ್‌ಗೆ ಖುಷಿಯಾಗುತ್ತದೆ. ಆ ಖುಷಿ ನನ್ನ ಕಡೆಯಿಂದ ಬೇಡ.

ಮೊದಲು ನೋಡಿದ್ದು ನಮ್ಮ ಶಾಲೆಯ ಚರ್ಚಾಸ್ಪರ್ಧೆಯಲ್ಲಿ. ನಾನು ಹನ್ನೊಂದನೇ ಕ್ಲಾಸು; ಸರ್ ತೀರ್ಪುಗಾರರು. ಇಂಗ್ಲಿಷರು, ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿದ್ದವರು, ಇಲ್ಲಿ ಒಂದು ಕಾನೂನು ಸಲಹಾ ಕಂಪನಿಯ ದೊಡ್ಡ ಕುರ್ಚಿಯಲ್ಲಿದ್ದರು. ಮಾತಾಡಲು ನಿಂತ ಕೂಡಲೇ ಎರಡೂ ಕೈ ಎದೆಯ ಹತ್ತಿರ ಹೋಗುತ್ತಿದ್ದವು, ಕಪ್ಪು ಗೌನಿನ ಅಂಚು ಹಿಡಿದುಕೊಳ್ಳುವ ಹಾಗೆ. ಮೈಮೇಲೆ ಇದ್ದದ್ದು ಅರ್ಧ ತೋಳಿನ ಅಂಗಿ. ಇಲ್ಲದ ಗೌನನ್ನು ಹಿಡಿದುಕೊಂಡು ಮನುಷ್ಯ ಎಷ್ಟು ದೂರ ಹೋಗಬಹುದು ಎಂದು ಆವತ್ತು ನನಗೆ ಅಂದಾಜಿರಲಿಲ್ಲ.

ನಾನು ಎರಡನೇ ಸ್ಥಾನ ಬಂದೆ. ಕಾರಣ ಕೇಳಲು ಹೋದೆ. ಕೇಳದೆ ಬಿಡುವ ಜಾತಿ ನನ್ನದಲ್ಲ.

"ನೀನು ಹೇಳಿದ್ದನ್ನು ನೀನು ನಂಬಿದ್ದೆ," ಅಂದರು. "ಅದು ಗೊತ್ತಾಗುತ್ತಿತ್ತು. ನಂಬಿಕೆ ಗಂಟಲಿಗೆ ಒಳ್ಳೆಯದಲ್ಲ."

ಹದಿನಾರು ವರ್ಷದವಳಿಗೆ ಇದು ವೇದವಾಕ್ಯದ ಹಾಗೆ ಕೇಳಿಸಿತು. ಆಮೇಲಿನ ಎರಡು ವರ್ಷ ಪ್ರತಿ ಶನಿವಾರ ಅವರು ನಮ್ಮ ಡಿಬೇಟ್ ತಂಡಕ್ಕೆ ಪಾಠ ಹೇಳಿದರು. ನಾಣ್ಯ ಚಿಮ್ಮುವುದು, ಬಿದ್ದ ಕಡೆಯ ಪರ ವಾದಿಸುವುದು. ಅರ್ಧ ಗಂಟೆ ಬಿಟ್ಟು ಅದೇ ವಿಷಯಕ್ಕೆ ವಿರೋಧ. ಒಮ್ಮೆ ನಮಗೆ ಮಾದರಿಯಾಗಿ ತಾವೇ ಗಲ್ಲುಶಿಕ್ಷೆಯ ಪರ ಮಾತಾಡಿದರು. ಹುಡುಗಿಯೊಬ್ಬಳ ಕಣ್ಣಲ್ಲಿ ನೀರು ಬಂತು. ಚಹಾ ಕುಡಿದು ಬಂದು ವಿರೋಧ ಮಾತಾಡಿದರು. ಅವಳ ಕಣ್ಣಲ್ಲಿ ಮತ್ತೆ ನೀರು. ನಾನು ಮನೆಗೆ ಬಂದು ಅಮ್ಮನಿಗೆ ಇದನ್ನು ದೊಡ್ಡ ಸುದ್ದಿಯ ಹಾಗೆ ಹೇಳಿದೆ. ಅಮ್ಮ ಬಂಗುಡೆ ತೊಳೆಯುತ್ತಿದ್ದರು.

"ಎರಡೂ ಕಡೆ ಅವ್ರೇ ಗೆದ್ದದ್ದಾ? ಹಾಗಾದ್ರೆ ಸೋತದ್ದು ಯಾರು ಮಾರಾಯ್ತಿ?"

ನನಗೆ ಅಮ್ಮನ ಮೇಲೆಯೇ ಸಿಟ್ಟು ಬಂತು.

ಇಂಗ್ಲೆಂಡಿನ ಬ್ಯಾರಿಸ್ಟರುಗಳಿಗೆ ಒಂದು ಕಟ್ಟಳೆ ಉಂಟು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮುಂದೆ ನಿಂತ ಗಾಡಿ ಹೇಗೆ ಮೊದಲು ಬಂದವನನ್ನು ಹತ್ತಿಸಿಕೊಳ್ಳಬೇಕೋ ಹಾಗೆ, ಬಂದ ಕಕ್ಷಿದಾರನನ್ನು ಬೇಡ ಅನ್ನುವಂತಿಲ್ಲ. ಕಳ್ಳನೋ ಸಂಭಾವಿತನೋ, ಮುಖ ನೋಡುವ ಹಾಗಿಲ್ಲ. ಸರ್ ಇದನ್ನು ಎಲ್ಲ ವೇದಿಕೆಯಲ್ಲೂ ಹೇಳುತ್ತಿದ್ದರು: "ನಾನೊಂದು ಟ್ಯಾಕ್ಸಿ. ಯಾರಿಗೂ ಬಾಗಿಲು ಮುಚ್ಚುವುದಿಲ್ಲ." ಕಟ್ಟಳೆ ಒಳ್ಳೆಯದೇ. ಊರೆಲ್ಲ ಉಗಿಯುವವನಿಗೂ ಒಬ್ಬ ವಕೀಲ ಸಿಗಬೇಕಲ್ಲ. ನನ್ನ ತಕರಾರು ಕಟ್ಟಳೆಯ ಮೇಲಲ್ಲ, ಟ್ಯಾಕ್ಸಿಯ ಮೇಲೆ.

ಇನ್ನೊಂದು ಚಾಳಿಯಿತ್ತು. ಬ್ಯಾರಿಸ್ಟರ್ ಕೋರ್ಟಿನಲ್ಲಿ ತನ್ನ ಅಭಿಪ್ರಾಯ ಹೇಳುವುದಿಲ್ಲ, ಕಕ್ಷಿದಾರನ ಕಡೆಯಿಂದ ಬಂದ ಸೂಚನೆಯ ಪ್ರಕಾರ ಮಾತಾಡುತ್ತಾನೆ. ಸರ್‌ಗೆ ಆ ಮಾತು ನಾಲಗೆಗೆ ಅಂಟಿಬಿಟ್ಟಿತ್ತು. ರಸ್ತೆ ಬದಿಯ ಕರಕ್ ಚಹಾ ಕೈಗೆ ಬಂದರೆ, "ಇದರಲ್ಲಿ ಸಕ್ಕರೆ ಕಡಿಮೆ ಎಂದು ನನಗೆ ಸೂಚನೆ ಬಂದಿದೆ," ಅನ್ನುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಕುಡಿದು ನೋಡಿ ಸಕ್ಕರೆ ಜಾಸ್ತಿಯಾಯಿತು ಎಂದು ಮನುಷ್ಯರ ಹಾಗೆ ಹೇಳಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ.

ಅವರ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕುದುರೆ ಕೂದಲಿನ ವಿಗ್ ಇತ್ತು. ದೋಹಾದಲ್ಲಿ ಅದನ್ನು ತಲೆಗೆ ಹಾಕುವ ಸಂದರ್ಭವೇ ಅವರಿಗೆ ಬರಲಿಲ್ಲ. ಆದರೂ ಶಾಲೆ, ಸಂಘ ಎಂದು ಎಲ್ಲಿಗೆ ಭಾಷಣಕ್ಕೆ ಕರೆದರೂ ವಿಗ್ ಜೊತೆಗೆ ಬರುತ್ತಿತ್ತು. ಸರ್ ಹಿಂದಿನ ಸೀಟು, ವಿಗ್ ಮುಂದಿನ ಸೀಟು, ಪೆಟ್ಟಿಗೆಗೆ ಬೆಲ್ಟ್ ಬೇರೆ.

"ಇದು ನನ್ನ ಬೆಸ್ಟ್ ಪ್ಯಾಸೆಂಜರ್," ಅನ್ನುತ್ತಿದ್ದರು ಹಮೀದಾಕ. "ಎಸಿ ಜಾಸ್ತಿ ಮಾಡು ಹೇಳುದಿಲ್ಲ, ಲೇಟಾಯ್ತು ಹೇಳುದಿಲ್ಲ."

ಹಮೀದಾಕ, ಅಂದರೆ ಹಮೀದಣ್ಣ, ಆ ಆಫೀಸಿನ ಡ್ರೈವರ್. ಉಪ್ಪಿನಂಗಡಿ ಕಡೆಯ ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರು; ನನ್ನ ಅಪ್ಪನಿಗೆ ಹಳೆಯ ಪರಿಚಯ. ಶುಕ್ರವಾರ ನಮಾಜು ಮುಗಿಸಿ ಅಲ್ ಗರಾಫಾದ ನಮ್ಮ ಫ್ಲ್ಯಾಟಿಗೆ ಬಂದು, ಅಪ್ಪನ ಜೊತೆ ಊರಿನ ರಾಜಕೀಯ ಜಗಳ ಆಡಿ ಊಟ ಮಾಡಿಕೊಂಡು ಹೋಗುತ್ತಿದ್ದರು. ಗಾಡಿ ಓಡಿಸುವಾಗ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ: ಮಾತಿಲ್ಲದಿದ್ದರೆ ಹಾಡು. ಯಾವುದೋ ಮದುವೆ ಹಾಡು, ಪದ ಅರ್ಧ ಮರೆತದ್ದು, ಹಾಗಾಗಿ ಬರೀ ಗುನುಗು. ದೊಡ್ಡ ಬಡಾಯಿಗಾರ. "ನನ್ನ ಗಾಡಿಯಲ್ಲಿ ಒಂದು ಗೀರು ತೋರ್ಸಿ, ಮೀಸೆ ಬೋಳಿಸ್ತೇನೆ," ಅನ್ನುವರು. ಮೀಸೆ ಇರಲೇ ಇಲ್ಲ. ಸರ್ ಬಗ್ಗೆ ಮಾತ್ರ ಬಹಳ ಹೆಮ್ಮೆ. "ನಾನು ಬ್ಯಾರಿ, ಅವ್ರು ಬ್ಯಾರಿಸ್ಟರ್. ಒಂದು ಸ್ಟರ್ ಎಕ್ಸ್‌ಟ್ರಾ, ಅಷ್ಟೇ ವ್ಯತ್ಯಾಸ."

ಒಂದು ಶುಕ್ರವಾರ ಅವರೇ ಸರ್ ಅವರನ್ನು ನಮ್ಮ ಮನೆಗೆ ಕರೆದುಕೊಂಡು ಬಂದರು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಅಮ್ಮ ನೀರುದೋಸೆ, ಕೋಳಿ ಸಾರು ಮಾಡಿದ್ದರು. ಸರ್ ಚಾಕು ಮುಳ್ಳುಚಮಚ ಕೇಳಿ ನೀರುದೋಸೆಯನ್ನು ಚೌಕ ಚೌಕ ಕತ್ತರಿಸಿದರು. "ನನ್ನ ಅಜ್ಜಿಯ ಕಸೂತಿ ಬಟ್ಟೆಯ ಹಾಗಿದೆ," ಅಂದರು. ಅಪ್ಪ ಇವತ್ತಿಗೂ ಆ ತಟ್ಟೆಯನ್ನು ಬೇರೆ ಇಟ್ಟಿದ್ದಾರೆ. ಆಮೇಲೆ ಒಂದು ಚುನಾವಣಾ ಭಾಷಣದಲ್ಲಿ ನಮ್ಮ ಮೂರು ಬೆಡ್‌ರೂಮಿನ ಫ್ಲ್ಯಾಟ್ "ಕೊಲ್ಲಿಯ ಬಡ ಕಾರ್ಮಿಕನ ಒಂದು ಕೋಣೆಯ ಮನೆ" ಆಯಿತು. ಅಕೌಂಟ್ಸ್ ಮ್ಯಾನೇಜರ್ ಆಗಿದ್ದ ಅಪ್ಪನಿಗೆ ಅದರಲ್ಲೂ ಬೇಸರವಿಲ್ಲ. "ಭಾಷಣಕ್ಕೆ ಸ್ವಲ್ಪ ಬೇಕಾಗ್ತದೆ," ಅಂದರು.

ಈಗ ದುಖಾನ್ ರಸ್ತೆಯ ಸಂಗತಿಗೆ ಬರುತ್ತೇನೆ. ಉಳಿದದ್ದೆಲ್ಲ ಕೊಂಕು ಎಂದು ಯಾರಾದರೂ ತಳ್ಳಿಹಾಕಬಹುದು, ಇದನ್ನು ಆಗುವುದಿಲ್ಲ.

ನಾನು ಕಾಲೇಜಿನ ರಜೆಯಲ್ಲಿ ಅವರದೇ ಆಫೀಸಿನಲ್ಲಿ ಟ್ರೈನಿ. ಸರ್ ದುಖಾನ್‌ನಲ್ಲಿ ಕಕ್ಷಿದಾರರೊಬ್ಬರನ್ನು ಕಂಡು ಹಮೀದಾಕನ ಕಾರಿನಲ್ಲಿ ದೋಹಾಕ್ಕೆ ವಾಪಸಾಗುತ್ತಿದ್ದರು, ಹಗಲು ಹೊತ್ತು. ಉದ್ದದ ರಸ್ತೆ, ಎರಡು ಬದಿಯೂ ಮರಳು. ಹಮೀದಾಕ ಹೇಳಿದ್ದು ಇಷ್ಟು: ಎಡಗಡೆಯ ಕಾರ್ಮಿಕರ ಕ್ಯಾಂಪಿನ ದಾರಿಯಿಂದ ಒಂದು ಬಿಳಿ ಪಿಕಪ್ ನಿಲ್ಲಿಸದೆ ಮೇನ್ ರೋಡಿಗೆ ನುಗ್ಗಿತು; ಅದನ್ನು ತಪ್ಪಿಸಲು ಸ್ಟಿಯರಿಂಗ್ ಎಳೆದರು; ಕಾರು ಬದಿಯ ಕಬ್ಬಿಣದ ತಡೆಗೆ ಹೋಗಿ ಬಡಿಯಿತು. ಸರ್ ಹಣೆಯಲ್ಲಿ ಒಂದು ತರಚು. ಹಮೀದಾಕನ ಮಣಿಕಟ್ಟು ಮುರಿಯಿತು. ಪಿಕಪ್‌ಗೆ ಏನೂ ತಾಗಿರಲಿಲ್ಲ. ಅದರವನು ಕೆಳಗಿಳಿದು, ಕಾರು ತನ್ನಷ್ಟಕ್ಕೆ ವಾಲಿಕೊಂಡು ಹೋಯಿತು, ಡ್ರೈವರಿಗೆ ನಿದ್ದೆ ಬಂದಿರಬೇಕು ಅಂದ. ಪೊಲೀಸರು ಸಹಜವಾಗಿಯೇ ಹಿಂದೆ ಕೂತವರನ್ನು ಕೇಳಿದರು. ಸರ್ ಅಂದರು: "ನಾನು ಕಾಗದ ಓದುತ್ತಿದ್ದೆ. ಏನೂ ನೋಡಲಿಲ್ಲ."

ಡ್ರೈವರ್ ನಿದ್ದೆ ಹೋಗಿದ್ದ ಎಂದೇ ದಾಖಲಾಯಿತು. ಬೇರೆ ಏನು ಬರೆಯುತ್ತಾರೆ ಪಾಪ?

ಆಸ್ಪತ್ರೆಗೆ ಹೋದೆ. ಹಮೀದಾಕನ ಕೈಗೆ ಬ್ಯಾಂಡೇಜು, ಮುಖದಲ್ಲಿ ಯಾರೋ ಕಪಾಳಕ್ಕೆ ಹೊಡೆದ ಹಾಗಿನ ಬಣ್ಣ.

"ಕೈ ಹೋಗ್ಲಿ ಮಗಳೇ. ಕೆಲ್ಸ ಹೋದ್ರೂ ಹೋಗ್ಲಿ, ಊರಲ್ಲಿ ಗಾಡಿ ಇಲ್ವಾ? ಆದ್ರೆ ಇವ ನಿದ್ದೆ ಹೋದವ ಅಂತ ಒಂದು ಸಲ ಹೆಸ್ರು ಬಿದ್ರೆ ಯಾರು ಕೀ ಕೊಡ್ತಾರೆ? ಸರ್ ಹಿಂದೆಯೇ ಇದ್ರು. ನಾನು ಎಚ್ಚರ ಇದ್ದೆ ಅಂತ ಅವ್ರು ಒಂದು ಮಾತು ಹೇಳ್ಲಿ, ಸಾಕು. ನೀನು ಚರ್ಚೆ ಮಾಡುವವಳಲ್ವಾ? ನೀನು ಕೇಳು."

ಮರುದಿನ ಸರ್ ಕೋಣೆಗೆ ಹೋದೆ. ಹಣೆಯ ಮೇಲೆ ಸಣ್ಣ ಪಟ್ಟಿ. ವಿಗ್ ಕ್ಷೇಮವಾಗಿ ಗಾಜಿನೊಳಗೆ ಕೂತಿತ್ತು.

"ಯಾರ ಪರ ಬಂದಿದ್ದೀ?" ಅಂದರು. ಮುಖದಲ್ಲಿ ಶನಿವಾರದ ಪಾಠದ ಉತ್ಸಾಹ.

"ಹಮೀದಾಕನ ಪರ. ಅವರು ಎಚ್ಚರ ಇದ್ದದ್ದು ನಿಮಗೆ ಗೊತ್ತು ಸರ್."

"ನಾನು ರಸ್ತೆ ನೋಡುತ್ತಿರಲಿಲ್ಲ."

"ಕಿವಿಗೆ ಕಣ್ಣು ಬೇಡ. ಅವರು ಗಾಡಿ ಓಡಿಸುವಾಗ ಗುನುಗುತ್ತಾರೆ. ನಿಮಗೆ ಕೇಳಿಸಿರಬೇಕು. ನಿದ್ದೆಯಲ್ಲಿ ಯಾರೂ ಹಾಡುವುದಿಲ್ಲ."

ಸರ್ ಮೇಜು ತಟ್ಟಿದರು. "ಸೊಗಸಾಗಿದೆ. ಈ ವಾಕ್ಯ ಇಟ್ಟುಕೋ, ಮುಂದೆ ಉಪಯೋಗಕ್ಕೆ ಬರುತ್ತದೆ. ಈಗ ಹೇಳು, ನೀನು ಆ ಕಾರಿನಲ್ಲಿ ಇದ್ದೆಯಾ?"

"ಇಲ್ಲ."

"ಹಾಗಾದರೆ ನೋಡದವರು ಇಬ್ಬರಾದೆವು. ಅದರಲ್ಲಿ ನಾನಾದರೂ ಅಲ್ಲಿದ್ದೆ."

ಇದು ಅವರ ಹಳೆಯ ಪಟ್ಟು. ಎದುರಾಳಿಯನ್ನು ತನ್ನ ಜಾಗದಲ್ಲಿ ತಂದು ಕೂರಿಸಿ ಬಾಗಿಲು ಹಾಕುವುದು. ಹೇಗೆ ಬಿಡಿಸಿಕೊಳ್ಳಬೇಕು ಎಂದು ಅವರೇ ಕಲಿಸಿದ್ದರು: ಕಟ್ಟಿದ ಮಾತು ಬಿಟ್ಟು ನೇರ ಕೇಳು ಎಂದು.

"ಒಂದು ಹೇಳಿಕೆ ಕೊಟ್ಟರೆ ನಿಮಗೇನು ಕಷ್ಟ ಸರ್?"

"ಹೇಳಿಕೆ ಕೊಟ್ಟವನು ಸಾಕ್ಷಿ. ಸಾಕ್ಷಿಯಾದವನು ಕರೆದಾಗಲೆಲ್ಲ ಬರಬೇಕು. ನಾನು ಮುಂದಿನ ವಾರ ಲಂಡನ್ನಿನಲ್ಲಿರಬೇಕು." ಪಕ್ಷವೊಂದು ಚುನಾವಣೆಗೆ ಅಭ್ಯರ್ಥಿಗಳನ್ನು ಆರಿಸುತ್ತಿದ್ದದ್ದು ಆಫೀಸಿಗೆಲ್ಲ ಗೊತ್ತಿತ್ತು. "ಅಲ್ಲಿ ನನ್ನನ್ನು ಆರಿಸಿದರೆ ಹಮೀದನಂಥ ಸಾವಿರ ಜನರ ಪರ ನಿಲ್ಲಬಹುದು. ದೊಡ್ಡದಾಗಿ ಯೋಚಿಸಲು ಕಲಿ."

"ಸಾವಿರ ಜನ ಆಮೇಲೆ ಬರಲಿ. ಈ ಒಬ್ಬರು ಬಂದು ನಿಂತಾಗಿದೆ. ಟ್ಯಾಕ್ಸಿ ಮೊದಲು ಬಂದವರನ್ನು ಹತ್ತಿಸಿಕೊಳ್ಳಬೇಕು ಅಂತ ನೀವೇ ಹೇಳಿದ್ದು."

"ಅವನ ಪರ ಮಾತಾಡಲು ನನಗೆ ಸೂಚನೆ ಇಲ್ಲ."

"ಸೂಚನೆ ಬೇಕಾದದ್ದು ವಕೀಲರಿಗೆ. ನೀವು ಕಾರಿನಲ್ಲಿದ್ದದ್ದು ಪ್ರಯಾಣಿಕರಾಗಿ."

"ಬ್ಯಾರಿಸ್ಟರ್ ಯಾವತ್ತೂ ಬರೀ ಪ್ರಯಾಣಿಕನಲ್ಲ," ಅಂದರು. ಎರಡೂ ಕೈ ಎದೆಯ ಹತ್ತಿರ ಹೋದವು. ಆಮೇಲೆ ವಾಚು ನೋಡಿ, ಅವರಿಗೆ ಬರುತ್ತಿದ್ದ ಒಂದೇ ಒಂದು ಅರಬ್ಬಿ ಮಾತು ಹೇಳಿದರು: "ಇನ್ಶಾ ಅಲ್ಲಾ, ಎಲ್ಲ ಸರಿಹೋಗುತ್ತದೆ." ದೇವರ ಹೆಸರಿನಲ್ಲಿ ಕೈ ತೊಳೆದುಕೊಳ್ಳಲು ಅವರವರ ಭಾಷೆ ಸಾಲುವುದಿಲ್ಲವೇನೋ.

ಎದುರು ಪಕ್ಷದ ವಾದವನ್ನು ಅದರ ಅತ್ಯುತ್ತಮ ರೂಪದಲ್ಲಿ ಹೇಳಿ ಆಮೇಲೆ ಖಂಡಿಸಬೇಕು ಎನ್ನುವುದು ಡಿಬೇಟಿನ ಮರ್ಯಾದೆ. ಹೇಳುತ್ತೇನೆ. ಮನುಷ್ಯ ನಿಜವಾಗಿಯೂ ಓದುತ್ತಿದ್ದಿರಬಹುದು. ನಿಜವಾಗಿಯೂ ನೋಡದೆ ಇರಬಹುದು. ನೋಡದ್ದನ್ನು ನೋಡಿದೆ ಅನ್ನುವುದು ಸುಳ್ಳುಸಾಕ್ಷಿ. ಸ್ನೇಹಕ್ಕಾಗಿಯೂ ಅದನ್ನು ಹೇಳದವನು ಪ್ರಾಮಾಣಿಕ. ಬಹಳ ಸಮಯ ನಾನು ಈ ವಾದವನ್ನು ಬಗಲಲ್ಲಿ ಇಟ್ಟುಕೊಂಡೇ ಓಡಾಡಿದೆ. ಸರ್ ಅಹಂಕಾರಿ, ಸ್ವಾರ್ಥಿ, ಆದರೆ ಸುಳ್ಳ ಅಂತ ಹೇಳಲು ನನ್ನ ಹತ್ತಿರ ಪುರಾವೆ ಇರಲಿಲ್ಲ.

ಸರ್ ಹೊರಟು ಹೋದರು. ಕೆಲಸ ಕಳೆದುಕೊಂಡು ಹಮೀದಾಕನೂ ಹೋದರು. ಒಬ್ಬರು ಲಂಡನ್ನಿಗೆ, ಒಬ್ಬರು ಮಂಗಳೂರಿಗೆ. ಆಫೀಸಿನವರು ಇಬ್ಬರಿಗೂ ಒಂದೇ ಕೇಕಿನಲ್ಲಿ ಬೀಳ್ಕೊಡುಗೆ ಮುಗಿಸಿದರು. ಹಮೀದಾಕ ಕೇಕು ತಿನ್ನಲಿಲ್ಲ, ಕೈ ನೋವು ಅಂದರು. ನೋವಿದ್ದದ್ದು ಎಡಗೈ.

ಆಮೇಲಿನ ವೃತ್ತಾಂತ ಅಪ್ಪನ ಫೋನಿನಲ್ಲಿ ನೋಡಿದ್ದು. ಸರ್ ಮೊದಲು ಒಂದು ಪಕ್ಷದಿಂದ ನಿಂತು ಸೋತರು. ಆಮೇಲೆ ಎದುರಿನ ಪಕ್ಷದಿಂದ ನಿಂತು ಗೆದ್ದರು. ಕೇಳಿದವರಿಗೆ, "ನಾನು ಇದ್ದಲ್ಲೇ ಇದ್ದೇನೆ, ಪಕ್ಷಗಳು ಜಾಗ ಬದಲಾಯಿಸಿದವು," ಅಂದರಂತೆ. ಚಹಾ ವಿರಾಮದ ನಂತರದ ಭಾಷಣ ನೆನಪಾಯಿತು. ಒಂದು ಕಿರಿಯ ಮಂತ್ರಿಗಿರಿಯೂ ಸಿಕ್ಕಿತು; ಬೆಳಿಗ್ಗೆ ಸರ್ಕಾರದ ಒಂದು ನಿರ್ಧಾರವನ್ನು ಟಿವಿಯಲ್ಲಿ ಸಮರ್ಥಿಸಿಕೊಂಡರು, ಸಂಜೆ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಾಗ ಅದನ್ನೂ ಅಷ್ಟೇ ಚೆಂದಕ್ಕೆ ಸಮರ್ಥಿಸಿಕೊಂಡರು. ಅಂಗಿ ಕೂಡ ಬದಲಾಯಿಸಿರಲಿಲ್ಲ. ಮಂತ್ರಿಗಿರಿ ಹೋದ ಮೇಲೆ ಆತ್ಮಸಾಕ್ಷಿಯ ಬಗ್ಗೆ ಲೇಖನ ಬರೆದರು. ಅಪ್ಪ ಎಲ್ಲವನ್ನೂ ಸಂಘದ ಗ್ರೂಪಿಗೆ ಹಾಕುತ್ತಿದ್ದರು, ಕೆಳಗೆ ಕೈಮುಗಿದ ಚಿತ್ರ.

"ನಮ್ಮ ಮನೆಯಲ್ಲಿ ಊಟ ಮಾಡಿದ ಮನುಷ್ಯ, ನೋಡು."

"ಹಮೀದಾಕನೂ ಊಟ ಮಾಡಿದ್ದಾರೆ ಅಪ್ಪ. ಅವರ ಫೋಟೋ ಯಾಕೆ ಹಾಕುದಿಲ್ಲ?"

"ನಿನ್ನ ಹತ್ರ ಮಾತಾಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ."

ಹಮೀದಾಕನ ಮಗ ನಿಸಾರ್ ಊರಲ್ಲಿ ಒಂದು ಓಮ್ನಿ ಇಟ್ಟುಕೊಂಡು ಬಾಡಿಗೆ ಓಡಿಸುತ್ತಾನೆ. ಅದನ್ನು ಅವನು ತನ್ನ ಅಪ್ಪನ ಕೈಗೆ ಕೊಟ್ಟಿರಲಿಲ್ಲ. ಶಾಲೆ ಮಕ್ಕಳ ಟ್ರಿಪ್ ಉಂಟು, ಯಾರಾದರೂ ಕೇಳಿದರೆ ಏನು ಹೇಳುವುದು, ದುಖಾನ್ ವಿಷಯ ಊರಿಗೆಲ್ಲ ಗೊತ್ತು ಅನ್ನುತ್ತಿದ್ದ. ನನಗೆ ಈದ್‌ಗೆ ಫೋನ್ ಮಾಡಿದಾಗ ಹಮೀದಾಕ ನಗುತ್ತಲೇ ಹೇಳುತ್ತಿದ್ದರು: "ಈಗ ನಾನೂ ಸರ್ ಹಾಗೆ. ಹಿಂದಿನ ಸೀಟು."

ಸರ್ ವಿದಾಯ ಭಾಷಣದ ವಿಡಿಯೋ ಬಂದದ್ದು ಕಳೆದ ವಾರ. ಅವರ ಊರಿನ ಸಭಾಂಗಣ, ಮುಕ್ಕಾಲು ಗಂಟೆಯ ಮಾತು. ಸಂಚಿಕೆಗೆ ಬರೆಯಬೇಕಲ್ಲ ಎಂದು ಪೂರ್ತಿ ಕೇಳಿದೆ. ಕೂದಲು ಬೆಳ್ಳಗಾಗಿದೆ, ಕೈ ಅದೇ ಜಾಗದಲ್ಲಿ, ಇಲ್ಲದ ಗೌನಿನ ಅಂಚಿನಲ್ಲಿ. ರಾಜಕೀಯಕ್ಕೆ ಯಾಕೆ ಬಂದೆ ಎಂದು ಹೇಳಲು ಶುರುಮಾಡಿದರು.

ಮರಳುಗಾಡಿನ ನಡುವೆ ಒಂದು ಉದ್ದ ರಸ್ತೆ ಇತ್ತಂತೆ. ಕಾಗದದಿಂದ ತಲೆ ಎತ್ತಿ ನೋಡಿದರಂತೆ. ಎಡಗಡೆಯಿಂದ ಒಂದು ಬಿಳಿ ಪಿಕಪ್, ನಿಲ್ಲಿಸದೆ, ನೇರ ನುಗ್ಗಿತಂತೆ. ಆಮೇಲೆ ಸರ್ ದನಿ ತಗ್ಗಿಸಿದರು.

"ನನ್ನ ಡ್ರೈವರ್ ಎಚ್ಚರವಾಗಿದ್ದ. ಹಾಡು ಗುನುಗುತ್ತಿದ್ದ. ನಿದ್ದೆಯಲ್ಲಿ ಯಾರೂ ಹಾಡುವುದಿಲ್ಲ."

ನಾನು ಅಲ್ಲಿಗೆ ನಿಲ್ಲಿಸಿ, ಹಿಂದೆ ಹೋಗಿ ಮತ್ತೆ ಕೇಳಿದೆ. ಎಲ್ಲವನ್ನೂ ನೋಡಿದ್ದರು. ವಾಕ್ಯ ನನ್ನದು. ಮುಂದೆ ಉಪಯೋಗಕ್ಕೆ ಬರುತ್ತದೆ ಅಂದದ್ದು ಯಾರ ಉಪಯೋಗಕ್ಕೆ ಎಂದು ಈಗ ತಿಳಿಯಿತು.

ಮುಂದೆ ಇನ್ನೂ ಇತ್ತು. "ಆ ಬಡವ ಕೆಲಸ ಕಳೆದುಕೊಂಡ. ಅವನ ಪರ ಮಾತಾಡಲು ಒಬ್ಬನೇ ಒಬ್ಬ ಇರಲಿಲ್ಲ. ದನಿ ಇಲ್ಲದವರಿಗೆ ದನಿಯಾಗಬೇಕೆಂದು ನಾನು ನಿಶ್ಚಯಿಸಿದ್ದು ಆವತ್ತು." ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಹೊಡೆಯಲಿ. ಒಬ್ಬನೇ ಒಬ್ಬ ಇರಲಿಲ್ಲ ಅನ್ನುವುದೂ ಒಂದು ಲೆಕ್ಕಕ್ಕೆ ಸರಿಯೇ; ಇದ್ದ ಒಬ್ಬ ವಿಮಾನ ಹತ್ತಿದ್ದ.

ಬಗಲಲ್ಲಿ ಇಟ್ಟುಕೊಂಡಿದ್ದ ಆ ಪ್ರಾಮಾಣಿಕತೆಯ ವಾದವನ್ನು ಅಲ್ಲಿಯೇ ಕೆಳಗೆ ಹಾಕಿದೆ. ವಿಡಿಯೋವನ್ನು ಹಮೀದಾಕನಿಗೆ ಕಳಿಸಿ, ಫೋನ್ ಮಾಡಿ, ಒಂದೊಂದೇ ಎಳೆ ಬಿಡಿಸಿ ಹೇಳಲು ಶುರುಮಾಡಿದೆ. ಆವತ್ತು ಪೊಲೀಸರ ಎದುರು ಏನು ಹೇಳಿದ್ದು, ಇವತ್ತು ಏನು ಹೇಳುತ್ತಿರುವುದು, ಎರಡರಲ್ಲಿ ಒಂದು ಸುಳ್ಳು, ಯಾವುದಾದರೂ ಅವರು ಸಿಕ್ಕಿಬಿದ್ದರು. ಪತ್ರಿಕೆಗೆ ಬರೆಯೋಣ, ಅವರ ಪಕ್ಷಕ್ಕೆ ಬರೆಯೋಣ ಅಂದೆ. ಹಮೀದಾಕ ನಡುವೆಯೇ ತಡೆದರು.

"ಖಲಾಸ್ ಮಗಳೇ, ಅದೆಲ್ಲ ಬಿಡು. ಅವ್ರ ಇಂಗ್ಲಿಷ್ ಸ್ಪೀಡು, ನನಗೆ ಸಿಗುದಿಲ್ಲ. ನಾನು ಎಚ್ಚರ ಇದ್ದೆ ಅಂತ ಹೇಳಿದ್ರಾ, ಇಲ್ವಾ?"

"ಹೇಳಿದ್ರು."

"ಅವ್ರ ಬಾಯಲ್ಲೇ?"

"ಅವರ ಬಾಯಲ್ಲೇ."

"ಅಷ್ಟು ಮಾತ್ರ ಕಟ್ ಮಾಡಿ ಕಳ್ಸು. ಹಿಂದೆ ಮುಂದೆ ಬೇಡ."

"ಹಿಂದೆ ಮುಂದೆ ಇಲ್ಲದಿದ್ರೆ ಅವರ ಬಣ್ಣ ಗೊತ್ತಾಗುದು ಹೇಗೆ?"

"ಅವ್ರ ಬಣ್ಣ ಕಟ್ಕೊಂಡು ನನಗೆಂತ ಆಗ್ಬೇಕು? ನಿಸಾರ್‌ಗೆ ಇಂಗ್ಲಿಷ್ ಬರ್ತದೆ. ಅವ ಕೇಳ್ಬೇಕು. ಉದ್ದ ಇದ್ರೆ ಅವ ಕೇಳುದಿಲ್ಲ, ಅವನಿಗೆ ಪುರುಸೊತ್ತಿಲ್ಲ."

ನನ್ನ ಹತ್ತಿರ ಇನ್ನೂ ಮೂರು ಪಾಯಿಂಟ್ ಉಳಿದಿತ್ತು. ಹೇಳಲಿಲ್ಲ. ಕೂತು ಕತ್ತರಿಸಿದೆ. ಮರಳುಗಾಡು ಹೋಯಿತು, ದನಿ ಇಲ್ಲದವರು ಹೋದರು, ಚಪ್ಪಾಳೆ ಹೋಯಿತು. ಪಿಕಪ್‌ನಿಂದ ಹಾಡಿನ ತನಕ, ಅಷ್ಟೇ ಉಳಿಯಿತು. ಕಳಿಸಿದೆ.

ಮರುದಿನ ಮಧ್ಯಾಹ್ನ ಹಮೀದಾಕನಿಂದ ಒಂದು ವಾಯ್ಸ್ ಮೆಸೇಜ್ ಬಂತು. ಓಮ್ನಿಯ ಎಂಜಿನ್ ಸದ್ದು, ಮಧ್ಯೆ ಗೇರು ಬದಲಾದ ಸದ್ದು. ಪಕ್ಕದ ಸೀಟಿನಿಂದ ನಿಸಾರ್, "ನಿಧಾನ, ಮುಂದೆ ತಿರ್ವು ಉಂಟು," ಅನ್ನುವುದು ಕೇಳಿಸಿತು. ಅದಕ್ಕೆ ಉತ್ತರವಾಗಿ ಆ ಹಳೆಯ ಮದುವೆ ಹಾಡಿನ ಗುನುಗು, ಮೊದಲಿಗಿಂತ ಜೋರಾಗಿ, ಪದ ಈಗಲೂ ಅರ್ಧ ಮರೆತೇ.

ಭಾಷಣದ ಉಳಿದ ಭಾಗ ನನ್ನ ಫೋನಿನಲ್ಲೇ ಉಂಟು. ಸಂಚಿಕೆಯವರಿಗೆ ಬೇಕಾದರೆ ಕಳಿಸುತ್ತೇನೆ.